ನಾಳೆ ಬಾ ಅಂದ ಬೀರ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನಾನು ನೀರು ಕುಡಿದ ಊರಲ್ಲೆಲ್ಲ ಇದು ನಮ್ಮೂರಲ್ಲೇ ನಡೆದದ್ದು ಅಂತಾರೆ, ಕಂಬಳಿ ನೇಯೋ ಮೂವರು ಅಣ್ಣತಮ್ಮಂದಿರು ಇದ್ದರಂತೆ. ಹಿರಿಯ ಹುಲಿಯಪ್ಪ, ನಡುವಿನವನು ಮಾಳಪ್ಪ, ಕಿರಿಯ ಬೀರ. ದಿನವಿಡೀ ಮಗ್ಗದಲ್ಲಿ ಕೂತು ಸೊಂಟ ಹಿಡಿದಿರೋದು. ದೀಪ ಹಚ್ಚೋ ಹೊತ್ತಿಗೆ ಒಬ್ಬಳು ಬಂದು ಬಾಗಿಲು ತಟ್ಟೋಳಂತೆ. ದನಿ ಸತ್ತುಹೋದ ಅವ್ವಂದೇ. ನೋವಾ ಮಗನೇ, ಇದನ್ನ ನಾಲಿಗೆ ಕೆಳಗಿಟ್ಕೋ ಅಂತ ಕರೀ ಗುಳಿಗೆ ಕೊಡೋಳು. ಮುಖ ಯಾರೂ ನೋಡಿಲ್ಲ, ಅಂಗೈ ಅಷ್ಟೇ.

ಆಮೇಲೆ ನೋವು ಹೋಯ್ತು, ಹಸಿವು ಹೋಯ್ತು, ಮಗ್ಗದ ಸದ್ದೂ ಹೋಯ್ತು. ಒಂದಿನ ಹುಲಿಯಪ್ಪ ಮಗ್ಗದ ಮುಂದೆ ಕೂತ ಹಾಗೇ ತಣ್ಣಗಾಗಿದ್ದನಂತೆ, ತುಟಿ ಮೇಲೆ ನಗು ಹಾಗೇ ಇತ್ತಂತೆ. ಮಾಳಪ್ಪ ಅವಳ ಹಿಂದೆ ಪಾಳುಕೋಟೆಗೆ ಹೋದ. ಅಲ್ಲಿ ಅವಳ ಗುಳಿಗೆ ತಿಂದೋರೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂತಿರೋರಂತೆ, ತೆರೆದ ಕಣ್ಣ ಮೇಲೆ ನೊಣ ಕೂತರೂ ಮಿಟುಕಿಸೋರಲ್ಲ.

ಬೀರನೂ ತಿಂತಿದ್ದ, ಆದರೆ ಹೆದರಿದ. ಹಳ್ಳದಾಚೆ ಮದ್ದು ಕೊಡೋ ಸಿದ್ದವ್ವನ ಹತ್ರ ತೆವಳಿಕೊಂಡು ಹೋದನಂತೆ. ಯಾವಾಗ ಬಿಡ್ತೀಯೋ ಅಂದ್ಲು. ನಾಳೆ ಬಿಡ್ತೀನವ್ವಾ ಅಂದ. ಹೆಂಡತಿಗೂ ಇದನ್ನೇ ಹೇಳಿದ್ಯಾ? ಹೂಂ. ದೇವರಿಗೆ? ದೇವರಿಗೂ. ಎಲ್ಲರಿಗೂ ನಾಳೆ ಅಂದಿದ್ದೀಯ, ಬಾಗಿಲು ತಟ್ಟೋಳಿಗೆ ಒಬ್ಬಳಿಗೇ ಅಂದಿಲ್ಲ ನೋಡು, ಅಂದ್ಲಂತೆ ಮುದುಕಿ. ಕಷಾಯ ಕುಡಿಸಿದ್ಲು, ನಡುಕ ಬಂದಾಗ ಕಂಬಳಿ ಹೊದಿಸಿ ಒತ್ತಿ ಹಿಡಿದ್ಲು, ಕುಡಿದ ಗಂಜಿ ಹೊಟ್ಟೇಲಿ ನಿಂತ ಮೇಲೇ ಮನೆಗೆ ಕಳಿಸಿದ್ಲು. ಬಾಗಿಲ ಮೇಲೆ ಸುಣ್ಣದಲ್ಲಿ ನಾಳೆ ಬಾ ಅಂತ ಬರಿ, ಬಾಯಲ್ಲೂ ಹೇಳು ಅಂದ್ಲು.

ಮೊದಲ ಸಂಜೆ ಅವ್ವನ ದನಿ. ನಾಳೆ ಬಾ ಅಂದ. ಎರಡನೇ ಸಂಜೆ ಹುಲಿಯಪ್ಪನ ದನಿ, ಇಲ್ಲಿ ಚಳಿ ಕಣೋ ತಮ್ಮಾ ಅಂತ. ಅಳ್ತಾ ಅಳ್ತಾ ನಾಳೆ ಬಾ ಅಂದ. ಮೂರನೇ ಸಂಜೆ ಹೊರಗೆ ಕೇಳಿದ್ದು ಅವನದೇ ದನಿಯಂತೆ. ಬಾಗಿಲು ತೆಗಿಯೋ, ಒಳಗಿರೋನು ಯಾರು, ಇದು ನನ್ನ ಮನೆ. ಬೀರನ ಕೈ ಅಗುಳಿ ಮೇಲೇ ಹೋಯ್ತು. ಆದರೆ ತನ್ನ ದನಿ ತನಗೆ ಗೊತ್ತಿಲ್ವಾ, ಅದಕ್ಕೆ ನಾಳೆ ಅಂದ್ರೆ ಬಲು ಪ್ರೀತಿ. ನಾಳೆ ಬಾ ಅಂದ. ಸದ್ದಡಗಿತು.

ಆಮೇಲೆ ಕೋಟೆಗೆ ಹೋಗಿ ಮಾಳಪ್ಪನ ಪಕ್ಕ ಕೂತ. ಏಳಣ್ಣಾ, ಸಿದ್ದವ್ವನ ಹತ್ರ ಹೋಗೋಣ. ನಾಳೆ ಬರ್ತೀನಿ ಹೋಗೋ ಅಂದ ಅಣ್ಣ. ಸರಿ ಅಂತ ಬೀರ ಮರುದಿನ ಮತ್ತೆ ಹೋದ. ಅಣ್ಣ ಬೈದ, ಮುಖಕ್ಕೆ ಉಗಿದ, ಬೀರ ಮತ್ತೆ ಹೋದ. ನಿಂದು ಅವಳಿಗಿಂತ ದೊಡ್ಡ ಕಾಟ ಕಣೋ ಅಂತ ಕೊನೆಗೆ ಮಾಳಪ್ಪ ಎದ್ದು, ತಮ್ಮನ ಹೆಗಲು ಹಿಡಿದು ಹಳ್ಳ ದಾಟಿದನಂತೆ. ಹೀಗೇ ಕೋಟೆ ಗೋಡೆಯಿಂದ ಒಬ್ಬೊಬ್ಬರಾಗಿ ಎದ್ದರು. ಹುಲಿಯಪ್ಪನ ಮಗ್ಗದಲ್ಲಿ ಅವರೆಲ್ಲ ಕೈನಡುಕ ನಿಲ್ಲೋವರೆಗೂ ನೇಯೋರಂತೆ. ಕಂಬಳಿ ಸೊಟ್ಟ ಬರೋದು, ಆದ್ರೂ ಬೆಚ್ಚಗಿರೋದು.

ಅವಳಾ? ಬೀರ ಮುದುಕನಾದ ಮೇಲೂ ಬರ್ತಿದ್ಲಂತೆ. ದಿನಾ ಬರೋಳು, ದಿನಾ ಇವನು ಅದನ್ನೇ ಹೇಳೋನು. ಕತೆ ಮುಗೀತು, ಅವಳ ಓಡಾಟ ಮುಗಿದಿಲ್ಲ. ನೀ ಮಲಕ್ಕೋ, ನಮ್ಮ ಬಾಗಿಲ ಸುಣ್ಣ ಇನ್ನೂ ಹಸಿ ಇದೆ.