ಉರಿಯದಾವಿಗೆ

ಹಿರೇತೊರೆಯ ಸೇತುವೆ ದಾಟಿ ಮೂಡಣಕ್ಕೆ ಹೊರಳುವ ಬಂಡಿದಾರಿಯಲ್ಲಿ ಅರ್ಧ ಹರದಾರಿ ನಡೆದರೆ, ಜೋಳದ ಹೊಲಗಳ ನಡುವೆ ಒಂದು ದಿಬ್ಬ ಸಿಗುತ್ತದೆ. ಎತ್ತರ ಎರಡಾಳು ಮೀರದು. ಒಂದು ಮಗ್ಗುಲಿಗೆ ಹಳೆಯ ಬನ್ನಿಮರ, ಇನ್ನೊಂದು ಮಗ್ಗುಲಿಗೆ ಬಾಗಿಲಿಲ್ಲದ ಚಿಕ್ಕ ಕಲ್ಲುಗುಡಿ. ಕಂದಾಯದ ಕಾಗದಗಳಲ್ಲಿ ಇದನ್ನು 'ಉರ್ದಾಗಿ ದಿಣ್ಣೆ' ಎಂದು ಬರೆದಿದ್ದಾರೆ. ಬಸ್ಸಿನ ಕಂಡಕ್ಟರುಗಳೂ ಸೇತುವೆಯ ಬಳಿ 'ಉರ್ದಾಗಿ, ಉರ್ದಾಗಿ' ಎಂದೇ ಕೂಗುತ್ತಾರೆ. ಯಾವುದೋ ಕಾಲದಲ್ಲಿ ಇಲ್ಲಿ ಏನೋ ಉರಿದು ಹೋಗಿರಬೇಕು, ಅದಕ್ಕೇ ಈ ಹೆಸರು ಎಂದು ಹೊರಗಿನವರು ಊಹಿಸುವುದುಂಟು. ಊರ ಹಿರಿಯರು ಮಾತ್ರ ಆ ಹೆಸರನ್ನು ತುಂಡು ಮಾಡದೆ, ನಿಧಾನವಾಗಿ, 'ಉರಿಯದಾವಿಗೆ' ಎನ್ನುತ್ತಾರೆ. ಆವಿಗೆ ಎಂದರೆ ಕುಂಬಾರರು ಮಡಕೆ ಸುಡುವ ಗೂಡು. ಒಮ್ಮೆಯೂ ಬೆಂಕಿ ಕಾಣದ ಅಂಥದೊಂದು ಗೂಡು ಈ ದಿಬ್ಬದ ಹೊಟ್ಟೆಯಲ್ಲಿದೆ ಎಂಬುದು ಅವರ ಮಾತು.

ಹಿಂದೆ, ಪಾಳೆಯಗಾರರು ಒಬ್ಬರ ಸೀಮೆಯನ್ನೊಬ್ಬರು ಸುಲಿಯುತ್ತಿದ್ದ ಕಾಲದಲ್ಲಿ, ಇಲ್ಲಿ ಕುಂಬಾರಗೇರಿ ಇತ್ತಂತೆ. ಅಲ್ಲಿ ಚೌಡಯ್ಯನೆಂಬ ಕುಂಬಾರನೂ ಅವನ ಹೆಂಡತಿ ಹಾಲವ್ವನೂ ಇದ್ದರು. ತಿಗರಿ ತಿರುಗಿಸುವುದು ಚೌಡಯ್ಯನ ಕೆಲಸ. ತಿಗರಿಯಿಂದ ಇಳಿದ ಹಸಿಮಡಕೆಗೆ ಒಳಗಿನಿಂದ ಗುಂಡುಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸುವುದು, ಕೆಮ್ಮಣ್ಣು ಬಳಿದು ಉಜ್ಜಿ ಹೊಳಪು ತರುವುದು, ಬಿಳಿಮಣ್ಣಿನಲ್ಲಿ ಚಿತ್ತಾರ ಬರೆಯುವುದು ಹಾಲವ್ವನ ಕೆಲಸ. ಅವಳ ಹೆಸರು ಹಬ್ಬಿದ್ದು ಗುಡಾಣಗಳಿಂದ. ಕಾಳು ತುಂಬಿಡುವ ಆ ಗುಡಾಣಗಳು ಒಳಗೊಬ್ಬರು ಕುಳಿತರೆ ತಲೆ ಕಾಣದಷ್ಟು ದೊಡ್ಡವು. ಕಂಠದ ಸುತ್ತ ನವಿಲು, ಹೊಟ್ಟೆಯ ಮೇಲೆ ಬಳ್ಳಿ, ಬುಡದಲ್ಲಿ ಸಾಲುಮೀನು. ಹತ್ತು ಗುಡಾಣ ಬರೆದರೂ ಒಂದರ ನವಿಲು ಇನ್ನೊಂದರ ಮೇಲೆ ಬಾರದು. ಸಂತೆಯಲ್ಲಿ ಕೊಳ್ಳುವವರ ಎದುರಿಗೇ ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳಿಸುವಳು. ನಾದದಲ್ಲಿ ಎಳ್ಳಷ್ಟು ಒಡಕು ಕಂಡರೂ ಅಲ್ಲೇ ಒಡೆದು ಹಾಕುವಳೇ ಹೊರತು ಮಾರಳು. ಮಾರಿದ ಮೇಲೂ ಬಿಡುವವಳಲ್ಲ. "ಮೊದಲು ಮೂರು ದಿನ ನೀರು ತುಂಬಿಡ್ರವ್ವ, ಆಮೇಲೆ ನೆಳ್ಳಾಗೆ ಒಣಗಿಸ್ರಿ. ಬರೀ ಕಲ್ಲಿನ ಮ್ಯಾಲೆ ಕೂರಿಸಬ್ಯಾಡ್ರಿ, ಹುಲ್ಲಿನ ಸಿಂಬಿ ಮಾಡ್ರಿ," ಎಂದು ಹೇಳಿ ಕಳಿಸುವಳು. ವರ್ಷ ಕಳೆದು ಆ ದಾರಿಯಲ್ಲಿ ಹೋದಾಗ ಕೊಂಡವರ ಮನೆಗೆ ಹೊಕ್ಕು, ಗುಡಾಣದ ಬುಡ ತಡವಿ, ಸೀಳು ಬಿಟ್ಟಿದ್ದರೆ ಅಂಟು ಅರೆದು ಮೆತ್ತಿ ಬರುವಳು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಕೇರಿಯ ಮಕ್ಕಳೆಲ್ಲ ಅವಳ ಅಂಗಳದಲ್ಲೇ ಮಣ್ಣು ಮೆತ್ತಿಕೊಂಡು ಬೆಳೆಯುತ್ತಿದ್ದವು.

ಮೂರು ಹರದಾರಿ ಆಚೆ ಕೋಡುಗಲ್ಲ ದುರ್ಗವಿತ್ತು. ಅಲ್ಲಿಯ ಪಾಳೆಯಗಾರನ ದಂಡನ್ನು ನಡೆಸುತ್ತಿದ್ದವನು ದಳವಾಯಿ ಕಾಟಯ್ಯ. ಅವನ ಮನೆಯಲ್ಲೂ ಹಾಲವ್ವನ ಗುಡಾಣವೊಂದಿತ್ತು. ಅದನ್ನು ನೋಡಿಬರಲು ಹೋದಾಗಲೆಲ್ಲ ಕಾಟಯ್ಯನ ತಾಯಿ ಅವಳನ್ನು ಜಗಲಿಯ ಮೇಲೆ ಕೂರಿಸಿ ಉಣ್ಣಲಿಕ್ಕುತ್ತಿದ್ದಳು. ಹಿರೇತೊರೆ ಬೇರೆ ಪಾಳೆಯಪಟ್ಟಿಗೆ ಸೇರಿದ ಊರಾದರೂ ಮಡಕೆ ಮಾರುವವರಿಗೆ ಆ ಗಡಿಗಳು ಅಡ್ಡ ಬರುತ್ತಿರಲಿಲ್ಲ. ಹೀಗಿರುವಾಗ ಒಂದು ಮಾಘಮಾಸದಲ್ಲಿ ಕಾಟಯ್ಯನ ತಮ್ಮ ಐವರು ಕುದುರೆಯವರನ್ನು ಕಟ್ಟಿಕೊಂಡು ಹಿರೇತೊರೆಯ ಕಣಕ್ಕೆ ನುಗ್ಗಿದ. ರಾಶಿಯ ಜೋಳ ಹೇರಿಕೊಂಡು ಹೊರಟವನನ್ನು ಊರವರು ತೊರೆ ದಾಟುವ ಹಾಯಗಡದಲ್ಲಿ ಅಡ್ಡಗಟ್ಟಿದರು. ಕುಡುಗೋಲು, ಕೊಡಲಿ, ನೇಗಿಲ ಕುಳ, ಕೈಗೆ ಸಿಕ್ಕಿದ್ದರಲ್ಲಿ ಕೊಚ್ಚಿದರು. ಆರು ಮಂದಿಯಲ್ಲಿ ಒಬ್ಬ ಮಾತ್ರ ಬದುಕಿ ದುರ್ಗ ಸೇರಿದ. ಸತ್ತವರನ್ನು ಮಡುವಿಗೆ ತಳ್ಳಿದ್ದರಿಂದ ದಳವಾಯಿಯ ತಮ್ಮನ ಹೆಣವೂ ಅವನ ಮನೆಯವರಿಗೆ ಸಿಗಲಿಲ್ಲ.

ನಾಲ್ಕನೆಯ ದಿನ ಬೆಳಗಾಗುವಾಗ ಪಡುವಣ ದಿಕ್ಕಿನಲ್ಲಿ ದಂಡಿನ ಧೂಳು ಕಂಡಿತು. ಊರ ಗಂಡಸರೆಲ್ಲ ಹಾಯಗಡಕ್ಕೆ ಓಡಿದರು. ಎಷ್ಟೋ ಹೆಂಗಸರು ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡು ಹಿಂದೆಯೇ ಹೋದರು. ಮಣ್ಣು ಅಗೆಯುವ ಗುದ್ದಲಿ ಹೆಗಲಿಗೇರಿಸಿ ಚೌಡಯ್ಯನೂ ಹೊರಟ. ಬಾಗಿಲಲ್ಲಿ ನಿಂತು, "ಕೂಸುಗಳನ್ನ ನೋಡ್ಕೊ," ಎಂದನಂತೆ, ಅಷ್ಟೇ. ನೋಡಿಕೊಳ್ಳುವುದೆಲ್ಲಿ? ಜೋಳ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು, ಮೊಲ ಓಡಿದರೂ ಕಾಣುವಂಥ ಬಯಲು. ಕುದುರೆಗಳ ಮುಂದೆ ಮಕ್ಕಳು ಎಷ್ಟು ದೂರ ಓಡಿಯಾವು? ಅಂಗಳದ ಆಚೆ, ಆಳುದ್ದ ತೋಡಿದ ಗುಂಡಿಯಲ್ಲಿ ಆವಿಗೆ ಅರ್ಧ ಕಟ್ಟಿ ನಿಂತಿತ್ತು. ಬಿಸಿಲಿಗೆ ಒಣಗಿ ಇನ್ನೂ ಬೇಯದ ಎಂಟು ಗುಡಾಣಗಳು ಒಳಗಿದ್ದವು. ಹಾಲವ್ವ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ನಾದಿನಿ ಸಣ್ಣೀರಮ್ಮನನ್ನು ಕೂಗಿದಳು. ಇಬ್ಬರೂ ಸೇರಿ ಕೇರಿಯ ಹದಿಮೂರು ಮಕ್ಕಳನ್ನು ಒಂದೊಂದಾಗಿ ಎತ್ತಿ ಗುಡಾಣಗಳಿಗೆ ಇಳಿಸಿದರು. ಮೊಲೆಗೂಸು ಎತ್ತಿಕೊಂಡ ಸಣ್ಣೀರಮ್ಮ ಎಲ್ಲಕ್ಕಿಂತ ದೊಡ್ಡದರಲ್ಲಿ ಮಂಡಿ ಮಡಿಚಿ ಕುಳಿತಳು. ಹಾಲವ್ವ ಮೇಲೆ ಹುಲ್ಲು ಹರಡಿ, ಕುಳ್ಳು ಜೋಡಿಸಿ, ಕೆಸರು ಮೆತ್ತಿದಳು. ಗಾಳಿಯಾಡಲು ಬುಡದಲ್ಲಿ ಕಿಂಡಿ ಬಿಡುವುದು ಎಲ್ಲ ಆವಿಗೆಗೂ ಉಂಟಾದ್ದರಿಂದ ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. "ನಾ ಬಂದು ತೆಗೆಯೋ ತನಕ ಉಸಿರು ಬ್ಯಾಡ," ಎಂದು ಕಿಂಡಿಗೆ ಬಾಯಿಟ್ಟು ಹೇಳಿದಳು.

ಹಾಯಗಡದ ಕಾಳಗ ಹೊತ್ತು ಮಾರುದ್ದ ಏರುವುದರೊಳಗೆ ಮುಗಿಯಿತು. ಕೋವಿ ಹಿಡಿದ ದಂಡಿನ ಮುಂದೆ ಕುಡುಗೋಲು ಎಷ್ಟು ಹೊತ್ತು ತಡೆದೀತು? ಮೊದಲ ಗುಂಡಿನ ಸಾಲಿಗೆ ನೀರಿನಲ್ಲಿ ನಿಂತವರು ಬಿದ್ದರು. ದಡ ಹತ್ತಿದವರನ್ನು ಕುದುರೆಗಳು ತುಳಿದವು. ಕೈಯೆತ್ತಿ ಶರಣು ಎಂದವರ ಕೈಗಳನ್ನೇ ಕಡಿದರು. ಕಲ್ಲು ತಂದಿದ್ದ ಹೆಂಗಸರನ್ನೂ ಬಿಡಲಿಲ್ಲ. ತೊರೆ ಅಂದು ಸಂಜೆಯವರೆಗೂ ಕೆಂಪಾಗಿ ಹರಿಯಿತು ಎನ್ನುತ್ತಾರೆ. ಆಮೇಲೆ ದಂಡು ಊರೊಳಗೆ ಬಂತು. ಮನೆಗಳಿಗೆಲ್ಲ ಬೆಂಕಿಯಿಡಬೇಕಾಗಿದ್ದರಿಂದ ಮೊದಲು ಕೋವಿಮದ್ದಿನ ಚೀಲಗಳನ್ನು ಕಿಡಿ ಹಾರದ ಕಡೆ ಇಡಿಸಿದರು. ಕೇರಿಯಿಂದ ಬೇರೆಯಾಗಿ, ಮಣ್ಣಿನ ಮಾಳಿಗೆ ಹೊದ್ದು ನಿಂತಿದ್ದ ಹಾಲವ್ವನ ಮಡಕೆಯ ಉಗ್ರಾಣ ಅದಕ್ಕೆ ತಕ್ಕ ಜಾಗವೆನಿಸಿತು. ಅದರೊಳಗೆ ಎರಡು ವರ್ಷ ದುಡಿದು ಮಾಡಿದ ನಲವತ್ತು ಗುಡಾಣಗಳು ಸಂತೆಗೆಂದು ಹುಲ್ಲು ಸುತ್ತಿಕೊಂಡು ನಿಂತಿದ್ದವು. ಅವುಗಳ ನಡುವೆಯೇ ಚೀಲಗಳನ್ನು ಒಟ್ಟಿದರು.

ಹಾಲವ್ವ ಆವಿಗೆಯ ಪಕ್ಕದಲ್ಲಿ, ಮೊಣಕೈವರೆಗೆ ಕೆಸರಾಗಿ, ಅದನ್ನೆಲ್ಲ ನೋಡುತ್ತ ನಿಂತಿದ್ದಳು. ಕುದುರೆಗೆ ಕಟ್ಟಿ ಎಳೆದು ತಂದ ಒಂದು ದೇಹವನ್ನು ಅಂಗಳದಲ್ಲಿ ಬಿಟ್ಟರು. ಮುಖವಿರಲಿಲ್ಲ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣು ಕಂಡು ಅದು ಯಾರೆಂದು ಅವಳಿಗೆ ಗೊತ್ತಾಯಿತು. ಅವಳು ಅಳಲಿಲ್ಲ. ಅತ್ತರೆ ಒಳಗಿನವರೂ ಅತ್ತಾರು. ಕಾಟಯ್ಯ ಕುದುರೆಯಿಂದ ಇಳಿದು ಎದುರಿಗೆ ಬಂದ. ಮೈಯೆಲ್ಲ ರಕ್ತ ಸಿಡಿದಿತ್ತು, ಅದು ಅವನದಲ್ಲ.

"ಊರೆಲ್ಲ ಓಡೈತಿ. ನೀನ್ಯಾಕೆ ನಿಂತಿ ಹಾಲವ್ವ?"

"ಆವಿಗೆ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಹೋಗ್ಲಿ ದೊರೆ."

ಅಷ್ಟರಲ್ಲಿ ಮೆತ್ತಿದ ಕೆಸರಿನ ಹಿಂದೆ, ಆಳದಲ್ಲಿ, ಸಣ್ಣದೊಂದು ಸದ್ದಾಯಿತು.

"ಹಸಿಮಣ್ಣು ದೊರೆ," ಎಂದಳು ಹಾಲವ್ವ. "ಬಿಸಿಲಿಗೆ ಬಿರೀತೈತಿ."

ಕಾಟಯ್ಯ ಬಗ್ಗಿ ಕಿಂಡಿಗೆ ಕಿವಿಗೊಟ್ಟ. "ಮಣ್ಣು ಕೆಮ್ಮತೈತೇನು?" ಎಂದು ಮೇಲೆದ್ದ. ಬಂಟನೊಬ್ಬ ಆವಿಗೆಯನ್ನು ಒಡೆಯಲು ಹಾರೆ ಎತ್ತಿದ. ಕಾಟಯ್ಯ ಅವನನ್ನು ತಡೆದು, ಉರಿಯುವ ಪಂಜೊಂದನ್ನು ತರಿಸಿ, ಹಾಲವ್ವನ ಕಡೆ ಚಾಚಿದ. "ಇಪ್ಪತ್ತೊಂದು ವರ್ಷ ನನ್ನ ತಮ್ಮಗೆ. ಮೈ ತೊಳೆಯಾಕೆ ನಮ್ಮವ್ವಗೆ ಮೈಯೇ ಸಿಗಲಿಲ್ಲ. ಈ ಊರಿನೋರಿಗೂ ಸಿಗಬಾರದು. ಹಚ್ಚು."

"ನಿಮ್ಮವ್ವನ ಕೈಯಾನ ಅನ್ನ ಉಂಡೀನಿ ದೊರೆ. ಅದರ ಮೇಲಾಣೆ. ನನ್ನ ಕಡಿ, ಇದನ್ನ ಬಿಡು."

"ನಿನ್ನ ಕಡಿದ್ರೆ ಇನ್ನೊಬ್ಬ ಹಚ್ತಾನೆ. ಅವನಿಗೆ ಹದ ಗೊತ್ತಿರಂಗಿಲ್ಲ. ನಿನಗಾದ್ರೆ ಗೊತ್ತು, ಬೇಗ ಮುಗಿಸ್ತೀ."

ಹಾಲವ್ವ ಪಂಜು ತೆಗೆದುಕೊಂಡಳು. "ಬೆಂಕಿ ಇಡೋ ಮುಂಚೆ ಮೂರು ಸುತ್ತು ಬರಬೇಕು. ನಮ್ಮ ಕುಲದ ಪದ್ಧತಿ," ಎಂದಳು. ಕಾಟಯ್ಯ ಆಗಲೆಂದು ತಲೆಯಾಡಿಸಿದ. ಗಾಳಿ ಉಗ್ರಾಣದ ಕಡೆಯಿಂದ ಆವಿಗೆಯ ಕಡೆಗೆ ಬೀಸುತ್ತಿತ್ತು, ಹಾಗಾಗಿ ಮದ್ದಿನ ಚಿಂತೆ ಅವನಿಗೆ ಬರಲಿಲ್ಲ. ಮೊದಲನೆಯ ಸುತ್ತಿನಲ್ಲಿ ಹಾಲವ್ವನಿಗೆ ಕಿಂಡಿಗಳಿಂದ ಉಸಿರಾಟ ಕೇಳಿಸಿತು. ಅವಳ ಕಿವಿ ಮಡಕೆಯ ಕೂದಲೆಳೆಯ ಒಡಕನ್ನೂ ಹಿಡಿಯುವ ಕಿವಿ, ಯಾವ ಉಸಿರು ಯಾವ ಮಗುವಿನದೆಂದೂ ಹೇಳಬಲ್ಲವಳಾಗಿದ್ದಳು. ಎರಡನೆಯ ಸುತ್ತಿನಲ್ಲಿ ಗಂಡನ ದೇಹದ ಪಕ್ಕದಲ್ಲೇ ಹಾದುಹೋದಳು, ಕೆಳಗೆ ನೋಡಲಿಲ್ಲ. ಮೂರನೆಯ ಸುತ್ತಿನಲ್ಲಿ ಉಗ್ರಾಣಕ್ಕೆ ಹತ್ತಿರದ ಮಗ್ಗುಲು ಬಂತು. ಮೂವತ್ತು ಹೆಜ್ಜೆ. ಹಾಲವ್ವ ಓಡಿದಳು.

ಬಂಟರಿಗೆ ಅರ್ಥವಾಗುವಷ್ಟರಲ್ಲಿ ಅರ್ಧ ದಾರಿ ಕಳೆದಿತ್ತು. ಒಬ್ಬ ಎಸೆದ ಈಟಿ ಅವಳ ಬೆನ್ನಿಗೆ ನೆಟ್ಟು ಎದೆಯಲ್ಲಿ ಮೊನೆ ತೋರಿತು. ಈಟಿಯನ್ನು ಎಳೆದುಕೊಂಡೇ ಹೊಸ್ತಿಲು ದಾಟಿದಳು. ಹಿಂದೆಯೇ ನುಗ್ಗಿದ ಕಾಟಯ್ಯ ಕತ್ತಿ ಬೀಸಿದ; ಪಂಜು ಹಿಡಿದಿದ್ದ ಕೈ ಮೊಣಕೈಯಿಂದ ತುಂಡಾಗಿ, ಪಂಜನ್ನು ಬಿಡದೆ, ನವಿಲಿನ ಗುಡಾಣದ ಬುಡದ ಹುಲ್ಲಿನ ಮೇಲೆ ಬಿತ್ತು. ಕಾಟಯ್ಯ ಅದನ್ನು ತುಳಿದು ಆರಿಸಲು ಕಾಲೆತ್ತಿದ. ಅವಳು ಉಳಿದ ಕೈಯಲ್ಲಿ ಅವನ ಆ ಕಾಲನ್ನು ತಬ್ಬಿ ಹಿಡಿದಳು. ಒಣಹುಲ್ಲು ಭಗ್ಗೆಂದಿತು.

ಸದ್ದು ಕೋಡುಗಲ್ಲ ದುರ್ಗದವರೆಗೂ ಕೇಳಿಸಿತಂತೆ. ಉಗ್ರಾಣದ ಮಾಳಿಗೆ ಮುಗಿಲಿಗೆ ಎದ್ದು ಚೂರಾಗಿ ಸುರಿಯಿತು. ಅದಕ್ಕಿಂತ ಕೇಡಾಗಿದ್ದು ಗುಡಾಣಗಳಿಂದ. ಹದವಾಗಿ ಬೆಂದ ನಲವತ್ತು ಗುಡಾಣಗಳು ಸಾವಿರ ಅಲಗಾಗಿ ಸಿಡಿದವು. ಅಂಗಳದಲ್ಲಿ ನಿಂತಿದ್ದವರ ಗಂಟಲು, ಕಣ್ಣು, ಹೊಟ್ಟೆ ಸೀಳಿದವು. ಕುದುರೆಗಳು ಕರುಳು ಎಳೆದುಕೊಂಡು ಓಡಿದವು. ಬದುಕಿದವರು ದಳವಾಯಿಯನ್ನು ಹುಡುಕಲೂ ನಿಲ್ಲದೆ, ಕೋವಿಗಳನ್ನು ಬಿಸುಟು ತೊರೆಯ ಕಡೆ ಓಡಿದರು. ಕಾಟಯ್ಯ ಅಲ್ಲೇ ಬೂದಿಯಾದ ಎನ್ನುವವರೇ ಹೆಚ್ಚು. ಒಂದು ಕಾಲು ಕಳೆದುಕೊಂಡು ಬದುಕುಳಿದು, ದೂರದ ಮಠವೊಂದರ ಜಗಲಿಯಲ್ಲಿ ಸತ್ತ ಎಂದು ಹೇಳುವ ಮನೆತನಗಳೂ ಒಂದೆರಡಿವೆ.

ಗುಂಡಿಯ ಆಳದಲ್ಲಿದ್ದ ಆವಿಗೆಯ ಮೇಲೆ ಮಣ್ಣು ಸುರಿಯಿತೇ ಹೊರತು ಕಿಡಿ ಒಳಹೊಗಲಿಲ್ಲ. ಸಣ್ಣೀರಮ್ಮ ತಾನು ಕುಳಿತ ಗುಡಾಣವನ್ನು ಒಳಗಿನಿಂದ ಒದ್ದು ಒಡೆದು, ಕೆಸರು ಕಿತ್ತು ಹೊರಬಂದಳು. ಹೊರಗೆ ನಡುಮಧ್ಯಾಹ್ನದ ಬಿಸಿಲಿತ್ತು, ಮಿಸುಕುವ ಪ್ರಾಣಿ ಒಂದೂ ಇರಲಿಲ್ಲ. ಒಂದೊಂದೇ ಗುಡಾಣಕ್ಕೆ ಕೈಯಿಳಿಸಿ ತಲೆ ಸವರಿ ಎಣಿಸಿದಳು. ಹದಿಮೂರೂ ಇದ್ದವು. ಒಂದು ಹೆಣ್ಣುಮಗುವಿಗೆ ಮಾತ್ರ ಅಂದಿನಿಂದ ಕಿವಿ ಕೇಳಿಸಲಿಲ್ಲ. ಓಡಿಹೋದ ಮುದುಕರು, ಹೆಂಗಸರು ಮರುದಿನ ತಿರುಗಿ ಬಂದರು. ಉಗ್ರಾಣದ ಗುಂಡಿಯಲ್ಲಿ ಹಾಲವ್ವನದೆಂದು ಗುರುತು ಸಿಕ್ಕಿದ್ದು ಒಂದು ಹಿಡಿ ಗಾಜಿನ ಬಳೆಯ ಚೂರು. ಅದನ್ನೂ ಚೌಡಯ್ಯನ ದೇಹವನ್ನೂ ಆವಿಗೆಯ ಬುಡದಲ್ಲೇ ಮಣ್ಣು ಮಾಡಿದರು. ಊರು ಮತ್ತೆ ಕಟ್ಟುವಾಗ ಮಡಕೆಗೆ ಬರ ಬಂದು, ಉಳಿದ ಏಳು ಗುಡಾಣಗಳನ್ನಾದರೂ ಹೊರತೆಗೆದು ಸುಟ್ಟುಕೊಳ್ಳೋಣ ಎಂದು ಕೆಲವರು ಕೇಳಿದರಂತೆ. ಸಣ್ಣೀರಮ್ಮ ಗುಂಡಿಗೆ ಅಡ್ಡ ಕುಳಿತು, "ಅಕಿ ಹಚ್ಚಲಿಲ್ಲ, ನಾವು ಹಚ್ಚಂಗಿಲ್ಲ," ಎಂದಳು. ಎಷ್ಟು ಹೇಳಿದರೂ ಎದ್ದು ಹೋಗಲಿಲ್ಲ. ಕೊನೆಗೆ ಊರವರು ಬುಟ್ಟಿ ಬುಟ್ಟಿ ಮಣ್ಣು ತಂದು ಮುಚ್ಚಿದರು. ಹಾಗೆ ಮುಚ್ಚಿದ್ದೇ ದಿಬ್ಬವಾಯಿತು, ಉರಿಯದಾವಿಗೆ ಎಂಬ ಹೆಸರಾಯಿತು ಎನ್ನುತ್ತಾರೆ.

ಈಗಲೂ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೋದವರಿಗೆ ಅಲ್ಲಿ ಒಡೆದ ಮಡಕೆಯ ಬೋಕಿ ಚೂರುಗಳು ಸಿಗುತ್ತವೆ. ಒಂದರಲ್ಲಿ ಮೀನಿನ ಬಾಲ, ಒಂದರಲ್ಲಿ ಬಳ್ಳಿಯ ಸುರುಳಿ. ಜೇಬಿಗೆ ಹಾಕಿಕೊಂಡರೆ ಹೊಲದಲ್ಲಿದ್ದವರು ಬಂದು, ಗದರದೆ, ಅಲ್ಲೇ ಇಡಿಸುತ್ತಾರೆ. ಕಲ್ಲುಗುಡಿಯಲ್ಲಿ ದೀಪವಿಲ್ಲ, ಊದುಬತ್ತಿಯಿಲ್ಲ. ಬೀಡಿ ಸೇದುವವರು ಬಂಡಿದಾರಿಯಲ್ಲೇ ನಿಂತು ಸೇದಿ ಬರಬೇಕು. ಮಾಘದಲ್ಲಿ ಒಂದು ದಿನ ಹೊಸ ಬಾಣಂತಿಯರು ಕೂಸನ್ನೆತ್ತಿಕೊಂಡು ಬರುತ್ತಾರೆ. ತಾವೇ ತಟ್ಟಿದ ಪುಟ್ಟ ಹಸಿಮಡಕೆಯೊಂದನ್ನು ಸುಡದೆ ತಂದು, ಹುಲ್ಲಿನ ಸಿಂಬಿಯ ಮೇಲೆ ಗುಡಿಯ ಮುಂದೆ ಕೂರಿಸುತ್ತಾರೆ. ಮಳೆಗಾಲದಲ್ಲಿ ಅವೆಲ್ಲ ಕರಗಿ ದಿಬ್ಬದ ಮಣ್ಣಿಗೆ ಸೇರುತ್ತವೆ. ಕೂರಿಸಿದ ಮೇಲೆ ಬಾಣಂತಿ ಮಂಡಿಯೂರಿ, ಮಡಕೆಯ ಬಾಯಿಗೆ ಬಾಯಿ ಹಚ್ಚಿ, ಹತ್ತಿರ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳುತ್ತಾಳೆ. ಏನೆಂದು ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ. "ಹೊರಗೆ ಬಾ ಕಂದ, ಅವರು ಹೋದರು," ಅಷ್ಟೇ.