ಹಸಿರು ಚುಕ್ಕಿಯ ಧೈರ್ಯ

ತುಂಗಭದ್ರೆಯ ದಡದಲ್ಲಿ, ಹಳೆಯ ಕಲ್ಲುಮಂಟಪದ ಪಕ್ಕ, ಒಂದು ಉದ್ದನೆಯ ತಗಡಿನ ಕೊಠಡಿ ಇತ್ತು. ಊರವರು ಅದನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿ ಕಾವಿಯೂ ಇರಲಿಲ್ಲ, ಭಜನೆಯೂ ಇರಲಿಲ್ಲ. ಕಂಪ್ಯೂಟರುಗಳಿದ್ದವು, ಮತ್ತು ನೀಲಗಂಗಮ್ಮ ಇದ್ದರು.

ನೀಲಗಂಗಮ್ಮ ಒಂದು ಕಾಲಕ್ಕೆ ಉಪಗ್ರಹಗಳ ದಾರಿಯ ಲೆಕ್ಕ ಹಾಕುತ್ತಿದ್ದವರು. ಈಗ ವಯಸ್ಸಾಗಿತ್ತು. ಕೆಲವು ಶಿಷ್ಯರನ್ನು ಕಟ್ಟಿಕೊಂಡು ಒಂದು ಸಾಫ್ಟ್‌ವೇರ್ ಮಾಡಿಸುತ್ತಿದ್ದರು. ನೆಲದ ಮೇಲೇ ಕೂತು ಬಾಹ್ಯಾಕಾಶ ನೌಕೆ ನಡೆಸುವುದನ್ನು ಕಲಿಸುವ ಸಾಫ್ಟ್‌ವೇರ್. ನೌಕೆಯೂ ಆಕಾಶವೂ ಪರದೆಯ ಮೇಲಿನವು. ನಡೆಸುವವರ ಬೆವರು ಮಾತ್ರ ನಿಜವಾದದ್ದು.

ಗಗನಯಾನಿಗಳ ದೊಡ್ಡ ತರಬೇತಿ ಕೇಂದ್ರಕ್ಕೆ ಹೋಗಬೇಕೆನ್ನುವವರು ಮೊದಲು ಇಲ್ಲಿ ಆ ನೌಕೆಯನ್ನು ನಡೆಸಿ ತೋರಿಸಬೇಕಿತ್ತು. ನೀಲಗಂಗಮ್ಮ “ಹೂಂ” ಅಂದರೆ ಮುಂದಿನ ದಾರಿ. ಇಲ್ಲದಿದ್ದರೆ ಊರಿನ ಬಸ್ಸು.

ನೌಕೆಗೆ ದಾರಿ ತೋರಿಸುವ ಪರದೆಯನ್ನು ರೂಪಿಸಿದವನು ಗವಿಸಿದ್ದ. ಶಿಷ್ಯರಲ್ಲಿ ಅವನೇ ಚುರುಕು. ಏನೇ ಕೇಳಿ, ಬಾಯಲ್ಲಿ ಉತ್ತರ ತಯಾರಿರುತ್ತಿತ್ತು. ಅದು ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು.

ಅವನ ಪರದೆ ನೋಡಲು ಬಲು ಚೆಂದವಿತ್ತು. ಕಪ್ಪು ಆಕಾಶ, ಅದರಲ್ಲಿ ಒಂದು ಹಸಿರು ಚುಕ್ಕಿ. ಚುಕ್ಕಿ ಎಲ್ಲಿದೆಯೋ ಅಲ್ಲಿ ನಿಮ್ಮ ನೌಕೆ. ಪಕ್ಕದ ಇನ್ನೊಂದು ಪರದೆ ನೌಕೆಯ ಕಿಟಕಿಯಾಗಿತ್ತು.

ಒಂದು ದಿನ ಗಂಗಾವತಿಯ ಮೈಮುನಾ ಪರೀಕ್ಷೆಗೆ ಕೂತಳು. ಚಿಕ್ಕಂದಿನಿಂದ ಅವಳಿಗೆ ಆಕಾಶಕ್ಕೆ ಹೋಗುವುದೊಂದೇ ಹಟ. ಮನೆಯವರು ಬೈದು ಬೈದು ಸುಸ್ತಾಗಿ ಕಳಿಸಿಕೊಟ್ಟಿದ್ದರು.

ಪರೀಕ್ಷೆ ಇಷ್ಟೇ. ನೌಕೆ ದೂರ ಹೋದ ಮೇಲೆ ಅದು ಎಲ್ಲಿದೆ ಅಂತ ಭೂಮಿಯಿಂದ ತಿಳಿಸುವ ಸಂಕೇತ ನಿಂತುಹೋಗುತ್ತದೆ. ಅಲ್ಲಿಂದ ತನ್ನ ಬಲದ ಮೇಲೆ ಬಾಹ್ಯಾಕಾಶ ನಿಲ್ದಾಣಕ್ಕೆ ವಾಪಸು ಬಂದು ಸೇರಿಕೊಳ್ಳಬೇಕು.

ಸಂಕೇತ ನಿಂತಿತು. ಮೈಮುನಾ ಚುಕ್ಕಿಯನ್ನು ನಂಬಿ ಬಂದಳು. ನಿಲ್ದಾಣ ಇನ್ನೂ ದೂರವಿದೆ ಅಂತ ಚುಕ್ಕಿ ಹೇಳುತ್ತಿದ್ದಾಗಲೇ ನೌಕೆ ಅದರ ಗೋಡೆಗೆ ಬಡಿದು ಪುಡಿಪುಡಿಯಾಯಿತು.

“ಇವರ ಕೈ ನಡುಗಿತ್ರಿ ಅವ್ವಾರೆ,” ಅಂದ ಗವಿಸಿದ್ದ. “ಪರದಿ ಸರಿ ಐತಿ.”

“ನಾನು ಚುಕ್ಕಿ ಹೇಳಿದಂಗ ಬಂದೀನಿ,” ಅಂದಳು ಮೈಮುನಾ. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು.

ನೀಲಗಂಗಮ್ಮ ಶಿಷ್ಯನ ಕಡೆ ತಿರುಗಿದರು. “ಸಂಕೇತ ನಿಂತ ಮ್ಯಾಲೆ ನೌಕೆ ಎಲ್ಲೈತಿ ಅಂತ ನಿನ್ನ ಪರದಿಗೆ ಹೆಂಗ ಗೊತ್ತಾತು?”

“ಹಿಂದಿನ ವೇಗ ಹಿಡಿದು ಲೆಕ್ಕ ಹಾಕತೈತ್ರಿ.”

“ಆ ಲೆಕ್ಕ ತಪ್ಪಂಗಿಲ್ಲೇನು?”

“ಹೊತ್ತು ಹೋದಂಗ ಸ್ವಲ್ಪ ಸ್ವಲ್ಪ ತಪ್ಪತೈತ್ರಿ. ಆದ್ರ ಅದನ್ನ ತೋರಿಸಿದ್ರ ನಡಸೋರ ಧೈರ್ಯ ಹೋಗತೈತಿ. ಅದಕ್ಕ ಮುಚ್ಚೀನಿ. ದಾರಿ ತೋರಸೋದು ಅಂದ್ರ ಧೈರ್ಯ ಕೊಡೋದು, ಅಲ್ಲೇನ್ರಿ?”

ಗುರು ಮೈಮುನಾಳನ್ನು ಕೇಳಿದರು. “ಇನ್ನೊಂದು ಸಲ ಕೂಡಾಕ ಅವಕಾಶ ಐತಿ. ಅದ ಕಡೀದು. ಕೂಡತಿಯೋ, ಬಸ್ ಹತ್ತತಿಯೋ?”

“ಕೂಡತೀನ್ರಿ. ಬಸ್ ಹತ್ತಾಕ ಬಂದಾಕಿ ಅಲ್ಲ ನಾನು.”

“ಹಂಗಾರ ಇಲ್ಲೇ ಇರು. ಗವಿ, ನಾಳೆ ಮುಂಜಾನೆ ಹರಿಗೋಲು ತಗೊಂಡು ಬಾ. ನಾವಿಬ್ಬರೂ ಹೊಳಿ ಮ್ಯಾಲೆ ಹೋಗೂನು.”

ಗವಿಸಿದ್ದನಿಗೆ ವಿಚಿತ್ರ ಅನ್ನಿಸಿತು. ಅವ್ವಾರಿಗೆ ಈಜು ಬರುವುದಿಲ್ಲ ಅನ್ನುವುದು ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಂಜಾನೆ ಹೊಳೆಯ ತುಂಬ ಮಂಜು. ಚಳಿಗಾಲದಲ್ಲಿ ಅಲ್ಲಿ ಹಾಗೆಯೇ. ಹರಿಗೋಲು ಬಿದಿರಿನ ದುಂಡನೆಯ ದೋಣಿ, ಅದಕ್ಕೆ ಹಿಂದು ಮುಂದು ಅಂತ ಇಲ್ಲ. ಗವಿಸಿದ್ದ ಈ ನೀರಿನಲ್ಲೇ ಬೆಳೆದವನು. ಹುಟ್ಟು ಹಾಕುವುದು ಅವನಿಗೆ ಲೀಲಾಜಾಲ.

ನಡುಹೊಳೆಗೆ ಬಂದರು. “ಹುಟ್ಟು ಒಳಗ ತಗೋ,” ಅಂದರು ಗುರು.

ತೆಗೆದುಕೊಂಡ. ಹರಿಗೋಲು ತನ್ನಷ್ಟಕ್ಕೆ ತಾನು ತಿರುಗುತ್ತ ತೇಲತೊಡಗಿತು. ಎತ್ತ ನೋಡಿದರೂ ಬಿಳಿ. ಹರಿಗೋಲು ಎಷ್ಟು ಸುತ್ತು ತಿರುಗಿತೋ, ಲೆಕ್ಕ ತಪ್ಪಿತು.

“ಮಂಟಪದ ದಡ ಎಲ್ಲೈತಿ?”

“ಅಗೋ, ಅಲ್ಲೈತ್ರಿ.” ಗವಿಸಿದ್ದನ ಬೆರಳು ತಡವರಿಸಲಿಲ್ಲ.

“ದೂರ ಐತೇನು?”

“ಇಲ್ರಿ. ಬಂದೇಬಿಟ್ಟೀವಿ. ಇಲ್ಲಿ ಮೊಣಕಾಲುದ್ದ ನೀರು.”

“ಖರೆ?”

“ಖರೇನ್ರಿ ಅವ್ವಾರೆ.”

“ಹಂಗಾರ ನಡಕೋತ ಹೋಗತೀನಿ.” ನೀಲಗಂಗಮ್ಮ ಎದ್ದರು. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಚಿನಾಚೆ ಒಂದು ಕಾಲನ್ನು ನೀರಿಗೆ ಇಳಿಸಿದರು.

ಹರಿಗೋಲು ಒಂದು ಕಡೆಗೆ ವಾಲಿತು. ನೀರು ಒಳಗೆ ಬಂತು. ಗವಿಸಿದ್ದ ಹಾರಿ ಅವರ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಬ್ಯಾಡ್ರಿ! ಇಳೀಬ್ಯಾಡ್ರಿ! ನಂಗೊತ್ತಿಲ್ಲ! ದಡ ಎಲ್ಲೈತೋ, ನೀರು ಎಷ್ಟೈತೋ, ನಂಗೇನೂ ಗೊತ್ತಿಲ್ಲ!”

ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ನಾಚಿಕೆಯಾಯಿತು, ಅಳುವೂ ಬಂತು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ನೀಲಗಂಗಮ್ಮ ಕಾಲನ್ನು ಒಳಗೆ ತೆಗೆದುಕೊಂಡು ಕೂತರು. ಸೀರೆಯ ಅಂಚನ್ನು ಹಿಂಡಿದರು.

“ಈಗೊಂದು ಮಾತು ಹೇಳಿದ್ಯಲ್ಲ, ಅದಕ್ಕ ನಿನ್ನ ಪರದಿ ಮ್ಯಾಲೆ ಜಾಗ ಎಲ್ಲೈತಿ?”

ಗವಿಸಿದ್ದನ ಬಾಯಲ್ಲಿ ಉತ್ತರ ಇರಲಿಲ್ಲ. ಹರಿಗೋಲಿಗೆ ನುಗ್ಗಿದ ನೀರನ್ನು ಬೊಗಸೆಯಿಂದ ಹೊರಹಾಕುತ್ತ ಕೇಳಿದ. “ಈಗೇನು ಮಾಡೂದ್ರಿ?”

“ಗೊತ್ತಿಲ್ಲದೋರು ಏನು ಮಾಡತಾರ? ಸುಮ್ಮನ ಕೂತು ಕೇಳತಾರ.”

ಇಬ್ಬರೂ ಕಿವಿಗೊಟ್ಟು ಕೂತರು. ಬಹಳ ಹೊತ್ತಿನ ಮೇಲೆ, ಮಂಟಪದ ಮೆಟ್ಟಿಲ ಕಲ್ಲಿಗೆ ಯಾರೋ ಬಟ್ಟೆ ಬಡಿಯುವ ಸಪ್ಪಳ ಕೇಳಿಸಿತು. ಅದು ಬಂದದ್ದು ಗವಿಸಿದ್ದ ಬೆರಳು ತೋರಿಸಿದ್ದಕ್ಕೆ ಸರಿಯಾಗಿ ಎದುರು ದಿಕ್ಕಿನಿಂದ.

ಹೊರಡುವ ಮುಂಚೆ ಅವನು ಹುಟ್ಟನ್ನು ನೆಟ್ಟಗೆ ನೀರಿಗೆ ಇಳಿಬಿಟ್ಟು ನೋಡಿದ. ತಳ ಸಿಗಲಿಲ್ಲ. ಗುರುವಿನ ಮುಖ ನೋಡುವ ಧೈರ್ಯವಾಗದೆ ಸಪ್ಪಳದ ಕಡೆಗೆ ಹುಟ್ಟು ಹಾಕಿದ.

ದಡ ಸೇರಿದವನೇ ಮೈಮುನಾಳನ್ನು ಹುಡುಕಿಕೊಂಡು ಹೋದ. “ನಿನ್ನಿ ಆದ ತಪ್ಪು ನಂದು. ನಿಮ್ಮ ಕೈ ನಡುಗಿದ್ದಿಲ್ಲ.”

“ಗೊತ್ತು,” ಅಂದಳು ಮೈಮುನಾ. ಅವನು ಹೋಗದೆ ನಿಂತದ್ದನ್ನು ನೋಡಿ ಮುಂದುವರಿಸಿದಳು. “ನೌಕೆ ಕಿಟಕಿಯೊಳಗ ನಿಲ್ದಾಣ ಭಾಳ ದೊಡ್ಡದು ಕಾಣಾಕ ಹತ್ತಿತ್ತು. ನಂಗ ಅನಮಾನ ಬಂತು. ಆದ್ರ ನಿಮ್ಮ ಚುಕ್ಕಿಗಿದ್ದಷ್ಟು ಧೈರ್ಯ ನಂಗ ನನ್ನ ಕಣ್ಣಿನ ಮ್ಯಾಲೆ ಇರಲಿಲ್ಲ. ಅದು ನನ್ನ ತಪ್ಪು.”

ಗವಿಸಿದ್ದ ಹಟ ಹಿಡಿದು ಕೂತ. ಇಡೀ ಪರದೆಯನ್ನು ಕಿತ್ತು ಹಾಕಿದ. ಊಟಕ್ಕೆ ಕರೆದರೆ ತಟ್ಟೆ ಹಿಡಿದುಕೊಂಡೇ ಯೋಚಿಸುತ್ತಿದ್ದ. ಹೊಸದನ್ನು ಮಾಡಿ ಗುರುವಿಗೆ ತೋರಿಸಿದ. ಸಂಕೇತ ನಿಂತ ಕೂಡಲೇ ಪರದೆ ಕೆಂಪಾಗುತ್ತಿತ್ತು, ಅಕ್ಷರಗಳು ಮಿಟುಕುತ್ತಿದ್ದವು, ಸೈರನ್ ಕೂಗುತ್ತಿತ್ತು.

ನೀಲಗಂಗಮ್ಮ ಕಿವಿ ಮುಚ್ಚಿಕೊಂಡರು. “ಮೊದಲು ಬರೇ ಧೈರ್ಯ ಕೊಟ್ಟಿ. ಈಗ ಬರೇ ಹೆದರಿಕಿ ಕೊಡತಿ. ನಿನಗ ಎಷ್ಟು ಗೊತ್ತಿಲ್ಲೋ ಅಷ್ಟ ಹೇಳಪ್ಪ, ಸಾಕು.”

ಅದನ್ನೂ ಕಿತ್ತು ಹಾಕಿದ. ಮತ್ತೆ ಕೂತ. ಬೇಸರ ಬಂತು, ಆದರೆ ಬಿಡಲಿಲ್ಲ. ಮೈಮುನಾಳೂ ಬಿಡಲಿಲ್ಲ. ಅವನು ಮಾಡಿದ್ದನ್ನೆಲ್ಲ ಕೂತು ನಡೆಸಿ ನೋಡಿ, “ಇದು ಕಣ್ಣಿಗೆ ಹೊಡೀತೈತಿ, ಇದು ತಿಳಿಯಂಗಿಲ್ಲ” ಅಂತ ಮುಲಾಜಿಲ್ಲದೆ ಹೇಳುತ್ತಿದ್ದಳು.

ಕೊನೆಗೆ ಉಳಿದದ್ದು ಇಷ್ಟೇ: ಚುಕ್ಕಿಯ ಸುತ್ತ ಒಂದು ತೆಳ್ಳನೆಯ ವೃತ್ತ. ಸಂಕೇತ ನಿಂತ ಮೇಲೆ ಹೊತ್ತು ಹೋದಂತೆ ಆ ವೃತ್ತ ಮೆಲ್ಲಗೆ ದೊಡ್ಡದಾಗುತ್ತಿತ್ತು. ನೌಕೆ ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು. ನಡೆಸುವವರು ನಕ್ಷತ್ರಗಳನ್ನು ಗುರಿಯಿಟ್ಟು ನೋಡಿ ಅಳತೆ ಕೊಟ್ಟರೆ ವೃತ್ತ ಮತ್ತೆ ಚಿಕ್ಕದಾಗುತ್ತಿತ್ತು.

ನೀಲಗಂಗಮ್ಮ ನೋಡಿದರು. ಮೈಮುನಾಳಿಗೆ ಕುರ್ಚಿ ತೋರಿಸಿದರು.

ಅದು ಅವಳ ಕೊನೆಯ ಅವಕಾಶ. ಸಂಕೇತ ನಿಂತಿತು. ವೃತ್ತ ಬೆಳೆಯಿತು. ಬೆಳೆದು ಬೆಳೆದು ನಿಲ್ದಾಣವನ್ನೇ ನುಂಗಿತು. ಮೈಮುನಾ ನೌಕೆಯ ವೇಗ ತಗ್ಗಿಸಿ ಸುಮ್ಮನೆ ತೇಲಲು ಬಿಟ್ಟಳು.

ನೌಕೆಯಲ್ಲಿ ಉಸಿರಾಟದ ಗಾಳಿ ಇಳಿಯುತ್ತಿರುವುದನ್ನು ಪರದೆ ತೋರಿಸುತ್ತಿತ್ತು. ಇನ್ನೂ ಯಾಕೆ ಕೂತಿದ್ದಾಳೆ ಅಂತ ಗವಿಸಿದ್ದನಿಗೆ ಕೂಗಬೇಕು ಅನ್ನಿಸಿತು. ತುಟಿ ಕಚ್ಚಿಕೊಂಡು ನಿಂತ.

ಅವಳು ಒಂದು ನಕ್ಷತ್ರವನ್ನು ಗುರಿಯಲ್ಲಿ ಹಿಡಿದಳು. ವೃತ್ತ ಸ್ವಲ್ಪ ಕುಗ್ಗಿತು. ಇನ್ನೊಂದನ್ನು ಹಿಡಿದಳು. ಕಿಟಕಿಯಿಂದ ತನ್ನ ಕಣ್ಣಾರೆ ನಿಲ್ದಾಣವನ್ನು ನೋಡಿದಳು, ಪರದೆ ನೋಡಿದಳು. ಎರಡೂ ಒಂದೇ ಮಾತು ಹೇಳಿದ ಮೇಲೆ ಮಾತ್ರ ಮುಂದೆ ಸಾಗಿದಳು. ನೌಕೆ ನಿಲ್ದಾಣದ ಬಾಗಿಲಿಗೆ ಸರಿಯಾಗಿ ಕೂತಿತು.

“ಹೂಂ,” ಅಂದರು ನೀಲಗಂಗಮ್ಮ.

ಮೈಮುನಾ ಕುರ್ಚಿಯಿಂದ ಏಳಲಿಲ್ಲ. ಮುಖ ಮುಚ್ಚಿಕೊಂಡು ನಕ್ಕಳು. ಇಷ್ಟು ದಿನ ತಡೆಹಿಡಿದಿದ್ದ ಅಳುವೂ ಅದರ ಜೊತೆಗೇ ಬಂತು.

ಅವಳು ಊರಿಗೆ ಸುದ್ದಿ ಹೇಳಲು ಹೋದ ಸಂಜೆ, ಗುರು ಮಂಟಪದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಗವಿಸಿದ್ದ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತೊಂದನ್ನು ಕೇಳಿದ.

“ಅವ್ವಾರೆ, ಅವತ್ತು ನೀವು ಎಲ್ಲಾ ಲೆಕ್ಕ ಹಾಕೇ ಕಾಲು ಇಳಿಸಿದ್ರಿ, ಹೌದಲ್ರಿ? ನಾ ಹಿಡದ ಹಿಡೀತೀನಿ ಅಂತ ನಿಮಗ ಮೊದಲ ಗೊತ್ತಿತ್ತು.”

ನೀಲಗಂಗಮ್ಮ ಹೊಳೆಯನ್ನೇ ನೋಡುತ್ತಿದ್ದರು.

“ಇಲ್ಲೋ ಗವಿ. ಗೊತ್ತಿರಲಿಲ್ಲ.”