ಅರ್ಧ ಮಾಡಿ ಹುಡುಕಿದ ತಪ್ಪು

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ಪಕ್ಕದ ಮನೆಯ ವಾರಿಜಕ್ಕ. ಬಾಟನಿ ಪಾಠ ಮಾಡಿ ನಿವೃತ್ತರಾದವರು. ಆಶ್ರಮಗಳ ಬಗ್ಗೆ ಅನುಮಾನ ಇಟ್ಟುಕೊಂಡೇ ಆಶ್ರಮಗಳಿಗೆಲ್ಲ ಹೋಗಿಬರುವವರು.

ಶಶಿರೇಖಾ ಎಂಬ ಸಾಫ್ಟ್‌ವೇರ್ ಇಂಜಿನಿಯರ್ ಒಂದು ಮಧ್ಯಾಹ್ನ ಹೊಳೆದಂಡೆಯ ತನ್ನ ಗುರುಗಳ ಹತ್ತಿರ ಓಡಿಬಂದಳು. ಗುರುಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಒಳ್ಳೆ ಹೊತ್ತಿಗೆ ಬಂದೆ ಅಮ್ಮಣ್ಣಿ,” ಎಂದು ಮೊರವನ್ನು ಅವಳ ಕಡೆಗೂ ತಳ್ಳಿದರು.

“ಒಬ್ಬರು ಪ್ರೊಫೆಸರ್ ಕರೆಯುತ್ತಿದ್ದಾರೆ, ಗುರುಗಳೇ. ಕೆರೆಗಳಲ್ಲಿ ಕಪ್ಪೆ ಕೂಗು ಕೇಳಿಸಿಕೊಂಡು, ಯಾವ ಜಾತಿ ಉಳಿದಿದೆ, ಯಾವುದು ಅಳಿಯಿತು ಅಂತ ಹೇಳುವ ಯಂತ್ರ ಮಾಡಬೇಕಂತೆ. ಧ್ವನಿಯ ವಿಜ್ಞಾನ ಓದಿರಬೇಕು, ಪ್ರೋಗ್ರಾಮ್ ಬರೆಯಲು ಬರಬೇಕು, ಕಪ್ಪೆಗಳ ದನಿಯೂ ಗೊತ್ತಿರಬೇಕು. ಸಂಜೆಯೊಳಗೆ ಉತ್ತರ ಹೇಳಬೇಕು.”

“ಇಷ್ಟವಿಲ್ಲವೋ?”

“ಜೀವದಷ್ಟು ಇಷ್ಟ.”

“ಮತ್ತೇನು?”

“ಧ್ವನಿಯ ಸಂಶೋಧನೆಯನ್ನು ನಾನು ಅರ್ಧಕ್ಕೆ ಬಿಟ್ಟವಳು. ಹೊಟ್ಟೆಪಾಡಿಗೆ ಕಂಪನಿ. ಕಪ್ಪೆ ಕೂಗು ರೆಕಾರ್ಡ್ ಮಾಡುವುದು ಭಾನುವಾರದ ಹುಚ್ಚು. ಎಲ್ಲೋ ಒಂದು ಕಡೆ ಕೆಟ್ಟಿದ್ದೇನೆ. ಅದನ್ನು ಪತ್ತೆ ಮಾಡದೆ ಹೋದರೆ ಇದನ್ನೂ ಕೆಡಿಸುತ್ತೇನೆ.”

“ಪತ್ತೆ ಹೇಗೆ ಮಾಡುತ್ತೀ?”

“ನಮ್ಮಲ್ಲೊಂದು ಕ್ರಮವಿದೆ. ಪ್ರೋಗ್ರಾಮ್ ಹಿಂದೊಮ್ಮೆ ಸರಿಯಿತ್ತು, ಈಗ ಕೆಟ್ಟಿದೆ ಅಂತಿಟ್ಟುಕೊಳ್ಳಿ. ನಟ್ಟನಡುವೆ ತೆಗೆದು ನೋಡುತ್ತೇವೆ. ಅಲ್ಲಿ ಸರಿಯಿದ್ದರೆ ತಪ್ಪು ಆಮೇಲಿನದು, ಕೆಟ್ಟಿದ್ದರೆ ಮೊದಲಿನದು. ಹೀಗೇ ಅರ್ಧ ಮಾಡುತ್ತ ಹೋದರೆ ಕೆಡಿಸಿದ ಆ ಒಂದು ಬದಲಾವಣೆ ಸಿಗುತ್ತದೆ.”

“ಸಿಕ್ಕಮೇಲೆ?”

“ತೆಗೆದುಹಾಕುತ್ತೇವೆ.”

“ಭೇಷ್. ಮಾಡು ಅರ್ಧ.”

“ಇಪ್ಪತ್ತರಲ್ಲಿ ಸರಿಯಿದ್ದೆ. ನಲವತ್ತರಲ್ಲಿ ಹೀಗಿದ್ದೇನೆ.”

“ಮೂವತ್ತರಲ್ಲಿ?”

“ಕೆಟ್ಟಾಗಿತ್ತು.”

“ಇಪ್ಪತ್ತೈದರಲ್ಲಿ?”

“ಸರಿಯಿದ್ದೆ. ಲ್ಯಾಬಿನಲ್ಲಿದ್ದೆ.”

ವರ್ಷ ಅರ್ಧವಾಯಿತು, ತಿಂಗಳು ಅರ್ಧವಾಯಿತು. ಕೊನೆಗೆ ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ಸಿಕ್ಕಿತು! ಲ್ಯಾಬ್ ಬಿಟ್ಟುಬಂದ ದಿನ.”

“ಬಂದ ಕೂಡಲೇ ಅದನ್ನೇ ಹೇಳಿದ್ದೆಯಲ್ಲ, ತಾಯಿ!” ಗುರುಗಳು ನಕ್ಕರು. “ಇರಲಿ. ಅವತ್ತು ಏನೇನಾಯಿತು?”

“ಬೀಗದ ಕೈ ಒಪ್ಪಿಸಿದೆ. ಅತ್ತುಬಿಟ್ಟೆ.”

“ಆಮೇಲೆ?”

“ಬಸ್ಸಿಗೆ ಹೊತ್ತಿತ್ತು. ಕೆರೆ ಏರಿಯ ಮೇಲೆ ಹೋಗಿ ಕೂತೆ. ಮೊದಲ ಮಳೆ ಬಿದ್ದು ನಿಂತಿತ್ತು. ಕತ್ತಲಾಗುತ್ತಿದ್ದಂತೆ ಕಪ್ಪೆಗಳು ಶುರು ಮಾಡಿದವು.” ಅವಳ ದನಿ ತಗ್ಗಿತು. “ಎರಡು ಜಾತಿ ಕೂಗುತ್ತಿದ್ದವು, ಗುರುಗಳೇ. ಒಂದು ನಿಲ್ಲಿಸುವವರೆಗೆ ಇನ್ನೊಂದು ಕಾಯುತ್ತಿತ್ತು. ಅಷ್ಟು ವರ್ಷ ಧ್ವನಿಯ ಯಂತ್ರಗಳ ಮುಂದೆ ಕೂತಿದ್ದೆ. ಕಿವಿಗೊಟ್ಟು ಕೇಳಿದ್ದು ಅವತ್ತೇ ಮೊದಲು.”

“ಬಸ್ಸು?”

“ತಪ್ಪಿಹೋಯಿತು.”

“ಸರಿ. ತಪ್ಪು ಸಿಕ್ಕಿತಲ್ಲ, ತೆಗೆದುಹಾಕು ಆ ದಿನವನ್ನ.”

ಶಶಿರೇಖಾ ಕೆಳಗಿಟ್ಟ ಕಾಯನ್ನು ಮತ್ತೆ ಎತ್ತಿಕೊಂಡಳು.

“ಯಾಕಮ್ಮ?”

“ಅದನ್ನು ತೆಗೆದರೆ ಕಪ್ಪೆಗಳೂ ಹೋಗುತ್ತವೆ.”

“ಹೋಗಲಿ ಬಿಡು. ಭಾನುವಾರದ ಹುಚ್ಚು ತಾನೆ?”

“ಬೇಡ!”

ಎಷ್ಟು ಜೋರಾಗಿ ಕೂಗಿದಳೆಂದರೆ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಪ್ರೊಫೆಸರರೇ. ಶಶಿರೇಖಾ ಫೋನನ್ನು ನೋಡಿದಳು, ಗುರುಗಳನ್ನು ನೋಡಿದಳು.

“ತಪ್ಪು ಇನ್ನೂ ಸರಿಮಾಡಿಲ್ಲವಲ್ಲ, ಗುರುಗಳೇ.”

“ಯಾವ ತಪ್ಪು?”

ಗುರುಗಳು ಮತ್ತೆ ಸುಲಿಯಲು ತೊಡಗಿದ್ದರು.

ಅವಳು ಫೋನ್ ಎತ್ತಿದಳು. “ಬರುತ್ತೇನೆ ಮೇಡಂ,” ಎಂದಳು. ಒಂದು ಗಳಿಗೆ ಬಿಟ್ಟು, “ಹೌದು, ಖಂಡಿತ,” ಎಂದಳು.

ಹೊರಡುವಾಗ ಕಾಲಿಗೆರಗಿ ಕೇಳಿದಳು: “ನಾನೇನು ಕೊಡಲಿ, ಗುರುಗಳೇ?”

“ನನಗೇನೂ ಬೇಡ. ಎಲ್ಲಿ ಕೆಟ್ಟೆ ಅಂತ ಹುಡುಕಿಕೊಂಡು ನಾಳೆ ಯಾರಾದರೂ ನಿನ್ನ ಹತ್ತಿರವೂ ಬರುತ್ತಾರೆ. ಇದನ್ನು ಅವರಿಗೆ ದಾಟಿಸು. ಉಪದೇಶ ಮಾಡಬೇಡ, ಅವರು ಕೆಟ್ಟೆ ಎನ್ನುವ ಆ ದಿನ ಸಂಜೆ ಏನಾಯಿತು ಅಂತ ಮಾತ್ರ ಕೇಳು.”